ಹಳೆಯ ಸಿ-10 ಪಿಕಪ್‌ನಲ್ಲಿ ಎಲ್‌ಎಸ್ ಎಂಜಿನ್: ಮ್ಯಾನುಯಲ್ ಗೇರ್‌ಬಾಕ್ಸ್ ಹೊಂದಿಸುವ ಕ್ರಮ

ಷೆವ್ರೊಲೆ ಕಂಪನಿಯ 1973ರಿಂದ 1987ರವರೆಗಿನ ಪೀಳಿಗೆಯ ಸಿ-10 ಪಿಕಪ್ ಟ್ರಕ್‌ಗಳಿಗೆ ಜನರಲ್ ಮೋಟಾರ್ಸ್‌ನದೇ ಎಲ್‌ಎಸ್ ಕುಟುಂಬದ ವಿ-8 ಎಂಜಿನ್ ಕೂರಿಸುವುದು ಅಮೆರಿಕದ ಗ್ಯಾರೇಜುಗಳಲ್ಲಿ ಇಂದು ತೀರ ಸಾಮಾನ್ಯವಾದ ಕೆಲಸ. 1997ರಲ್ಲಿ ಕಾರ್ವೆಟ್ ಕಾರಿನೊಂದಿಗೆ ಬಂದ ಈ ಎಂಜಿನ್ ಕುಟುಂಬದ 4.8, 5.3 ಮತ್ತು 6.0 ಲೀಟರ್ ರೂಪಗಳು 1999ರಿಂದ ಟ್ರಕ್‌ಗಳಲ್ಲಿ ಲಕ್ಷಗಟ್ಟಲೆ ಬಂದಿರುವುದರಿಂದ, ಗುಜರಿ ಅಂಗಳಗಳಲ್ಲಿ ಅವು ಸುಲಭವಾಗಿ ಸಿಗುತ್ತವೆ. ಹೆಚ್ಚಿನವರು ಎಂಜಿನ್ ಜೊತೆಗೆ ಬರುವ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುತ್ತಾರೆ. ಕ್ಲಚ್ ತುಳಿದು ಗೇರ್ ಹಾಕುವ ಟ್ರಕ್ಕೇ ಬೇಕು ಎನ್ನುವವರಿಗೆ ಈ ಬರಹ.

ಹಳೆಯ ಷೆವ್ರೊಲೆ ವಿ-8 ಎಂಜಿನ್ನಿನ ಬೆಲ್ ಹೌಸಿಂಗ್‌ನ (ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ಚನ್ನು ಸುತ್ತುವರಿದಿರುವ ಗಂಟೆಯಾಕಾರದ ಕವಚ) ಆರು ಬೋಲ್ಟ್ ತೂತುಗಳಲ್ಲಿ ಐದು ಎಲ್‌ಎಸ್ ಬ್ಲಾಕಿನ (ಎಂಜಿನ್ನಿನ ಮುಖ್ಯ ಒಡಲು) ತೂತುಗಳಿಗೆ ಸರಿಯಾಗಿ ಕೂರುತ್ತವೆ. ಅಷ್ಟು ಕಂಡ ಕೂಡಲೇ ಗೇರ್‌ಬಾಕ್ಸ್ ಹೊಂದಿತು ಎಂದು ಭಾವಿಸುವುದು ಸಹಜ. ಆದರೆ ಬೋಲ್ಟ್ ಕೂತಮಾತ್ರಕ್ಕೆ ಹೊಂದಾಣಿಕೆ ಆದಂತಲ್ಲ. ಈ ಕೆಲಸ ನಿಲ್ಲುವುದು ಎರಡು ಅಳತೆಗಳ ಮೇಲೆ: ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಯಲ್ಲಿರುವ 0.400 ಇಂಚಿನ ವ್ಯತ್ಯಾಸ, ಮತ್ತು ಬೆಲ್ ಹೌಸಿಂಗ್‌ನ ನಡುತೂತು ಕ್ರ್ಯಾಂಕ್‌ನ ಅಕ್ಷದಿಂದ ಸರಿಯಬಹುದಾದ 0.005 ಇಂಚಿನ ಮಿತಿ. ಇವೆರಡನ್ನು ಅಳೆಯದೆ ಜೋಡಿಸಿದ ಗೇರ್‌ಬಾಕ್ಸ್ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ, ಕೆಲವು ತಿಂಗಳಲ್ಲಿ ಇನ್‌ಪುಟ್ ಶಾಫ್ಟ್‌ನ (ಎಂಜಿನ್ನಿನ ತಿರುಗಾಟವನ್ನು ಗೇರ್‌ಬಾಕ್ಸ್‌ನೊಳಗೆ ಒಯ್ಯುವ ದಂಡ) ಬೇರಿಂಗನ್ನೂ, ಅದರ ತುದಿಗೆ ಕ್ರ್ಯಾಂಕ್‌ನಲ್ಲಿ ಆಸರೆ ಕೊಡುವ ಪೈಲಟ್ ಬೇರಿಂಗನ್ನೂ ತಿಂದುಹಾಕುತ್ತದೆ.

ಹಣ ಖರ್ಚು ಮಾಡುವ ಮುನ್ನ ಕಾನೂನಿನ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದದ್ದೇನೆಂದರೆ, ಅಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ವಾಹನಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1976 ಮತ್ತು ಅದರ ನಂತರದ ಟ್ರಕ್‌ಗೆ ಬೇರೆ ಎಂಜಿನ್ ಹಾಕಿದರೆ, ಆ ಎಂಜಿನ್ ಟ್ರಕ್‌ನ ವರ್ಷದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು ಮತ್ತು ಅದರ ಹೊಗೆ ನಿಯಂತ್ರಣ ಸಾಧನಗಳೆಲ್ಲ ಜೊತೆಗೇ ಬರಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣವು ನೋಂದಣಿ ಪತ್ರದ ವಿವರಗಳು ಬದಲಾಗುವಂಥ ಮಾರ್ಪಾಡುಗಳನ್ನು ನಿರ್ಬಂಧಿಸುವುದರಿಂದ, ಇಲ್ಲಿ ಹೇಳುವ ತತ್ತ್ವವನ್ನು ಕರ್ನಾಟಕದಲ್ಲಿ ಯಾವುದೇ ವಾಹನಕ್ಕೆ ಅನ್ವಯಿಸುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಮೊದಲು ಅನುಪಾತದ ಲೆಕ್ಕ

ಗೇರ್‌ಬಾಕ್ಸ್ ಆರಿಸುವುದು ಅದರ ಹೆಸರಿನಿಂದಲ್ಲ, ಟ್ರಕ್ ಮಾಡಬೇಕಾದ ಕೆಲಸದಿಂದ. ಲೆಕ್ಕ ಸರಳವಾಗಿದೆ. ಗಂಟೆಗೆ 100 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1,667 ಮೀಟರ್. 31 ಇಂಚು ವ್ಯಾಸದ ಟೈರಿನ ಸುತ್ತಳತೆ ಸುಮಾರು 2.47 ಮೀಟರ್ ಆದ್ದರಿಂದ, ಆ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 675 ಸುತ್ತು ತಿರುಗುತ್ತದೆ. ಇದನ್ನು ಹಿಂದಿನ ಆಕ್ಸಲ್‌ನ ಅನುಪಾತದಿಂದಲೂ ಗೇರಿನ ಅನುಪಾತದಿಂದಲೂ ಗುಣಿಸಿದರೆ ಎಂಜಿನ್ನಿನ ವೇಗ ಸಿಗುತ್ತದೆ.

ಈ ಟ್ರಕ್‌ಗಳ ಮೂಲ ಗೇರ್‌ಬಾಕ್ಸ್‌ಗಳಲ್ಲಿ ಒಂದು ಎಸ್‌ಎಮ್465, ಎರಕದ ಕಬ್ಬಿಣದ ಕವಚವುಳ್ಳ ನಾಲ್ಕು ಗೇರಿನ ಪೆಟ್ಟಿಗೆ. ಅದರ ಅನುಪಾತಗಳು 6.55, 3.58, 1.70 ಮತ್ತು 1.00, ಓವರ್‌ಡ್ರೈವ್ (1.00ಕ್ಕಿಂತ ಕಡಿಮೆ ಅನುಪಾತದ ಗೇರ್) ಇಲ್ಲ. 3.73ರ ಆಕ್ಸಲ್ ಇದ್ದರೆ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ ಸುಮಾರು 2,520 ಸುತ್ತು ತಿರುಗುತ್ತದೆ, 4.10ರ ಆಕ್ಸಲ್ ಇದ್ದರೆ 2,770. ಐದು ಗೇರಿನ ಎನ್‌ವಿ4500 ಪೆಟ್ಟಿಗೆಯ ನಂತರದ ರೂಪದ ಅನುಪಾತಗಳು 5.61, 3.04, 1.67, 1.00 ಮತ್ತು 0.73. ಅದೇ 3.73ರ ಆಕ್ಸಲ್ ಜೊತೆ ಐದನೇ ಗೇರಿನಲ್ಲಿ ಎಂಜಿನ್ ವೇಗ ಸುಮಾರು 1,840ಕ್ಕೆ ಇಳಿಯುತ್ತದೆ. ಕ್ಯಾಮರೊ ಮುಂತಾದ ಕಾರುಗಳಿಂದ ಬರುವ ಆರು ಗೇರಿನ ಟಿ56ರ ಕೊನೆಯ ಗೇರ್ 0.50, ಅದರಲ್ಲಿ ಎಂಜಿನ್ 1,260 ಸುತ್ತಿನಲ್ಲಿ ನಡೆಯಬೇಕಾಗುತ್ತದೆ. ಗಾಳಿಗೆ ಎದೆಯೊಡ್ಡಿ ಓಡುವ ಚೌಕಾಕಾರದ ಪಿಕಪ್‌ಗೆ ಅಷ್ಟು ಕಡಿಮೆ ವೇಗದಲ್ಲಿ ಬೇಕಾದ ಎಳೆತ 5.3 ಲೀಟರ್ ಎಂಜಿನ್ನಿನಲ್ಲಿ ಇರುವುದಿಲ್ಲ. ಆ ಗೇರ್ ಇದ್ದೂ ಇಲ್ಲದಂತೆ.

ಇನ್ನೊಂದು ತುದಿಯನ್ನೂ ನೋಡಬೇಕು. ಎಂಜಿನ್ 800 ಸುತ್ತಿನಲ್ಲಿ ನಿಧಾನವಾಗಿ ತಿರುಗುತ್ತಿರುವಾಗ, 3.73ರ ಆಕ್ಸಲ್ ಜೊತೆ ಎಸ್‌ಎಮ್465ರ ಮೊದಲ ಗೇರಿನಲ್ಲಿ ಟ್ರಕ್ ಗಂಟೆಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ, ಎಂದರೆ ಮನುಷ್ಯನ ನಡಿಗೆಯಲ್ಲಿ ಸಾಗುತ್ತದೆ. ಎನ್‌ವಿ4500ರಲ್ಲಿ ಅದು 5.7 ಕಿಲೋಮೀಟರ್. 2.66ರ ಮೊದಲ ಗೇರ್ ಇರುವ ಟಿ56ರಲ್ಲಿ 12 ಕಿಲೋಮೀಟರ್. ದೋಣಿಯ ಟ್ರೈಲರನ್ನು ಇಳಿಜಾರಿನಲ್ಲಿ ಮೇಲಕ್ಕೆಳೆಯುವವರಿಗೆ ಈ ವ್ಯತ್ಯಾಸವೆಂದರೆ ಕ್ಲಚ್ ಪ್ಲೇಟಿನ ಆಯುಷ್ಯವೇ.

ಹೀಗಾಗಿ ನನ್ನ ಅಭಿಪ್ರಾಯ ಹೀಗಿದೆ. ಭಾರ ಹೊರುವ, ಟ್ರೈಲರ್ ಎಳೆಯುವ ಟ್ರಕ್‌ಗೆ ಎನ್‌ವಿ4500 ಸೂಕ್ತ, ಏಕೆಂದರೆ 6.0 ಲೀಟರ್ ಎಲ್‌ಎಸ್ ಎಂಜಿನ್ ಜೊತೆ ಜನರಲ್ ಮೋಟಾರ್ಸ್ ತನ್ನ ಭಾರದ ಪಿಕಪ್‌ಗಳಲ್ಲಿ ಇದನ್ನು ಕಾರ್ಖಾನೆಯಲ್ಲೇ ಜೋಡಿಸಿತ್ತು. ಅಂಥ ಒಂದು ಟ್ರಕ್‌ನಿಂದ ಬೆಲ್ ಹೌಸಿಂಗ್, ಫ್ಲೈವೀಲ್ (ಕ್ರ್ಯಾಂಕ್‌ನ ತುದಿಗೆ ಕೂರುವ ಭಾರದ ಚಕ್ರ), ಕ್ಲಚ್ ಎಲ್ಲವೂ ಒಟ್ಟಿಗೆ ಸಿಕ್ಕರೆ ಮುಂದಿನ ಅರ್ಧ ತೊಡಕು ಕಳೆಯುತ್ತದೆ. ಎನ್‌ವಿ3500 ಹಗುರವೂ ಅಗ್ಗವೂ ಹೌದು, ಆದರೆ ಅದು ತಾಳುವ ತಿರುಚುಬಲ ಸುಮಾರು 300 ಪೌಂಡ್-ಅಡಿ, 4.8 ಲೀಟರ್ ಎಂಜಿನ್ನಿಗೆ ಅದು ಸಾಕು, 325 ಪೌಂಡ್-ಅಡಿಯ ಆಸುಪಾಸಿನ 5.3ಕ್ಕೆ ಅಂಚಿನದು, 6.0ಕ್ಕೆ ಬೇಡ. ಟ್ರಕ್‌ನಲ್ಲಿ ಈಗಾಗಲೇ ಗಟ್ಟಿಮುಟ್ಟಾದ ಎಸ್‌ಎಮ್465 ಇದ್ದರೆ ಅದನ್ನು ಎಸೆಯುವ ಮುನ್ನ ಇನ್ನೊಂದು ಲೆಕ್ಕ ಮಾಡಿ: ಆಕ್ಸಲ್‌ನ ಅನುಪಾತವನ್ನು 3.08ಕ್ಕೆ ಬದಲಿಸಿದರೆ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ 2,080 ಸುತ್ತಿನಲ್ಲಿ ಇರುತ್ತದೆ, ಮೊದಲ ಗೇರಿನ ಒಟ್ಟು ಅನುಪಾತವೂ 20.2 ಆಗಿ, 3.73ರ ಆಕ್ಸಲ್ ಜೊತೆಗಿನ ಎನ್‌ವಿ4500ರ 20.9ಕ್ಕೆ ಬಹಳ ಹತ್ತಿರದಲ್ಲಿ ನಿಲ್ಲುತ್ತದೆ. ಗೇರ್‌ಬಾಕ್ಸ್ ಬದಲಿಸುವುದಕ್ಕಿಂತ ಆಕ್ಸಲ್ ಬದಲಿಸುವುದು ಎಷ್ಟೋ ಸಲ ಕಡಿಮೆ ಖರ್ಚಿನ ದಾರಿ. ಉಳಿಯುವ ಕೊರತೆ ಒಂದೇ: ಎರಡರಿಂದ ಮೂರನೇ ಗೇರಿಗೆ ಇರುವ ದೊಡ್ಡ ಜಿಗಿತ. 3,500 ಸುತ್ತಿನಲ್ಲಿ ಗೇರ್ ಬದಲಿಸಿದರೆ ಎಂಜಿನ್ 1,660ಕ್ಕೆ ಬೀಳುತ್ತದೆ. ಎಲ್‌ಎಸ್‌ನ ಶಕ್ತಿಗೆ ಖಾಲಿ ಟ್ರಕ್‌ನಲ್ಲಿ ಇದು ತೊಂದರೆಯಲ್ಲ, ಭಾರ ಹೊತ್ತು ಏರು ಹತ್ತುವಾಗ ಗೊತ್ತಾಗುತ್ತದೆ.

0.400 ಇಂಚು

ಸ್ಮಾಲ್ ಬ್ಲಾಕ್ ಎಂದು ಕರೆಯುವ ಹಳೆಯ ಷೆವ್ರೊಲೆ ವಿ-8 ಎಂಜಿನ್ನಿಗೆ ಹೋಲಿಸಿದರೆ, ಎಲ್‌ಎಸ್‌ನಲ್ಲಿ ಫ್ಲೈವೀಲ್ ಕೂರುವ ಕ್ರ್ಯಾಂಕ್ ಫ್ಲ್ಯಾಂಜ್ 0.400 ಇಂಚಿನಷ್ಟು, ಎಂದರೆ ಸುಮಾರು 10 ಮಿಲಿಮೀಟರ್ ಮುಂದಕ್ಕೆ, ರೇಡಿಯೇಟರ್‌ನ ಕಡೆಗೆ ಸರಿದಿದೆ. 1999 ಮತ್ತು 2000ದ ಕೆಲವು 6.0 ಲೀಟರ್ ಎಂಜಿನ್‌ಗಳು ಮಾತ್ರ ಇದಕ್ಕೆ ಅಪವಾದ. ಅವುಗಳ ಕ್ರ್ಯಾಂಕ್ ಉದ್ದವಾಗಿದ್ದು ಫ್ಲ್ಯಾಂಜ್ ಹಳೆಯ ಜಾಗದಲ್ಲೇ ಇರುತ್ತದೆ. ಆದ್ದರಿಂದ ಎಂಜಿನ್ ಮಾರಿದವರ ಮಾತನ್ನು ನೆಚ್ಚದೆ ಸ್ಕೇಲ್ ಇಟ್ಟು ನೋಡಿಕೊಳ್ಳಬೇಕು.

ಈ ಹತ್ತು ಮಿಲಿಮೀಟರ್ ಎರಡು ಕಡೆ ತೊಂದರೆ ಕೊಡುತ್ತದೆ. ಹಳೆಯ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ನ ಮೂತಿ ಪೈಲಟ್ ಬೇರಿಂಗನ್ನು ಪೂರ್ತಿ ತಲುಪುವುದಿಲ್ಲ. ಅಂಚಿನಲ್ಲಷ್ಟೇ ಆಸರೆ ಪಡೆದ ಶಾಫ್ಟ್ ಅಲುಗಾಡುತ್ತಾ ಬೇರಿಂಗನ್ನು ಓರೆಯಾಗಿ ಸವೆಸುತ್ತದೆ. ಮತ್ತೊಂದು, ಫ್ಲೈವೀಲ್ ಜೊತೆಗೆ ಕ್ಲಚ್ ಕವರ್ ಕೂಡ ಮುಂದಕ್ಕೆ ಹೋಗುವುದರಿಂದ, ಪೆಡಲ್ ತುಳಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಕವರಿನ ಬೆರಳುಗಳನ್ನು ಮುಟ್ಟಲು, ಆ ಬೇರಿಂಗನ್ನು ತಳ್ಳುವ ಕ್ಲಚ್ ಫೋರ್ಕ್ ತನ್ನ ಓಟದ ತುದಿಯವರೆಗೂ ಬಾಗಬೇಕಾಗುತ್ತದೆ.

ಮೊದಲನೆಯದಕ್ಕೆ ಪರಿಹಾರ, ಎಲ್‌ಎಸ್ ಕ್ರ್ಯಾಂಕ್‌ನ ಹೊರಗಿನ ದೊಡ್ಡ ತೂತಿನಲ್ಲಿ ಕೂರುವ, ಹಿಂದಕ್ಕೆ ಚಾಚಿದ ಪೈಲಟ್ ಬೇರಿಂಗ್ ಅಥವಾ ಬುಷ್. ಜನರಲ್ ಮೋಟಾರ್ಸ್‌ನ ಹಳೆಯ ಗೇರ್‌ಬಾಕ್ಸ್‌ಗಳ ಇನ್‌ಪುಟ್ ಮೂತಿಯ ವ್ಯಾಸ 0.590 ಇಂಚು, ಬೇರಿಂಗ್‌ನ ಒಳವ್ಯಾಸ ಅದಕ್ಕೆ ಹೊಂದಬೇಕು. ಎರಡನೆಯದಕ್ಕೆ, ಹಳೆಯ ಗೇರ್‌ಬಾಕ್ಸ್‌ಗೆಂದೇ ದಪ್ಪವಾಗಿ ಮಾಡಿದ, ಕ್ಲಚ್ ಮೇಲ್ಮೈಯನ್ನು ಹಳೆಯ ಜಾಗಕ್ಕೇ ತರುವ 168 ಹಲ್ಲಿನ ಫ್ಲೈವೀಲ್ ಸಿಗುತ್ತದೆ. ಹಳೆಯ ಎಂಜಿನ್ನಿನ ಫ್ಲೈವೀಲನ್ನು ಸ್ಪೇಸರ್ ಇಟ್ಟು ಕೂರಿಸುವ ಯೋಚನೆಯನ್ನು ಬಿಡಿ: ಎಲ್‌ಎಸ್‌ನ ಬೋಲ್ಟ್ ವೃತ್ತವೇ ಬೇರೆ, ಬೋಲ್ಟ್‌ಗಳು 11 ಮಿಲಿಮೀಟರಿನವು, ಮತ್ತು ಎಲ್‌ಎಸ್ ತನ್ನೊಳಗೇ ಸಮತೋಲನಗೊಂಡ ಎಂಜಿನ್ ಆದ್ದರಿಂದ 1986ರ ನಂತರದ 350 ಘನ ಇಂಚಿನ ಸ್ಮಾಲ್ ಬ್ಲಾಕ್ ಎಂಜಿನ್ನಿನ ತೂಕ ಅಂಟಿಸಿದ ಫ್ಲೈವೀಲ್ ಅದನ್ನು ನಡುಗಿಸಿಬಿಡುತ್ತದೆ.

ಬಿಡಿಭಾಗಗಳು ಕೈಗೆ ಬಂದ ಮೇಲೂ ಅಳತೆ ಮಾಡಲೇಬೇಕು. ಗೇರ್‌ಬಾಕ್ಸ್‌ನ ಮುಂಮುಖದಿಂದ ಇನ್‌ಪುಟ್ ಶಾಫ್ಟ್‌ನ ತುದಿಯವರೆಗಿನ ಉದ್ದವನ್ನು ಅಳೆದು, ಅದರಿಂದ ಬೆಲ್ ಹೌಸಿಂಗ್‌ನ ಆಳವನ್ನು ಕಳೆಯಿರಿ. ಬ್ಲಾಕ್ ಮತ್ತು ಬೆಲ್ ನಡುವೆ ತಗಡು ಬರುವುದಿದ್ದರೆ ಅದರ ದಪ್ಪವನ್ನು ಆಳಕ್ಕೆ ಸೇರಿಸಿ. ಉಳಿದದ್ದು ಶಾಫ್ಟ್ ಬ್ಲಾಕಿನ ಹಿಂಮುಖವನ್ನು ದಾಟಿ ಒಳಹೋಗುವ ದೂರ. ಈಗ ಬ್ಲಾಕಿನ ಹಿಂಮುಖಕ್ಕೆ ನೇರಪಟ್ಟಿ ಹಿಡಿದು, ಕೂರಿಸಿದ ಪೈಲಟ್ ಬೇರಿಂಗ್‌ನ ಅಂಚು ಎಷ್ಟು ಒಳಗಿದೆ ಎಂದು ಆಳಮಾಪಕದಿಂದ ನೋಡಿ, ಆ ಸಂಖ್ಯೆಯನ್ನು ಕಳೆಯಿರಿ. ಬೇರಿಂಗ್ ಮುಖದಿಂದ ಹೊರಗೆ ಚಾಚಿದ್ದರೆ ಕೂಡಿಸಿ. ಬರುವ ಉತ್ತರವೇ ಬೇರಿಂಗ್‌ನೊಳಗೆ ಮೂತಿ ಕೂರುವ ಆಳ. ಬೇರಿಂಗ್‌ನ ಪೂರ್ತಿ ಅಗಲಕ್ಕೆ ಮೂತಿಯ ನೇರಭಾಗ ಕೂತಿರಬೇಕು, ಆದರೆ ಮೂತಿಯ ಹಿಂದಿನ ಭುಜ ಬೇರಿಂಗನ್ನು ಮುಟ್ಟಬಾರದು, ತುದಿ ಕ್ರ್ಯಾಂಕ್‌ನ ತಳಕ್ಕೆ ಬಡಿಯಬಾರದು. ತುದಿಯ ಮುಂದೆ ಸುಮಾರು 3 ಮಿಲಿಮೀಟರ್ ಜಾಗ ಇರಲಿ. ಬಡಿದರೆ, ಬೋಲ್ಟ್ ಬಿಗಿಯುವಾಗ ಇಡೀ ಒತ್ತಡ ಕ್ರ್ಯಾಂಕ್‌ನ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ, ಮತ್ತು ಆಗ ಹಾಳಾಗುವುದು ಗೇರ್‌ಬಾಕ್ಸ್ ಅಲ್ಲ, ಎಂಜಿನ್.

ಕ್ಲಚ್ ಪ್ಲೇಟ್ ಆರಿಸುವಾಗ ನೋಡಬೇಕಾದದ್ದು ಗೇರ್‌ಬಾಕ್ಸ್‌ನ ಸ್ಪ್ಲೈನ್ (ಇನ್‌ಪುಟ್ ಶಾಫ್ಟ್ ಮೇಲಿನ ಉದ್ದುದ್ದ ಹಲ್ಲುಗಳು), ಎಂಜಿನ್ ಅಲ್ಲ. ಎಸ್‌ಎಮ್465ಕ್ಕೆ 1⅛ ಇಂಚಿನ 10 ಹಲ್ಲಿನ ಸ್ಪ್ಲೈನ್, ಎಲ್‌ಎಸ್ ಕಾರುಗಳ ಟಿ56ಕ್ಕೆ 26 ಹಲ್ಲು. ಪ್ಲೇಟನ್ನು ಬರಿಗೈಯಲ್ಲಿ ಶಾಫ್ಟ್ ಮೇಲೆ ಜಾರಿಸಿ ನೋಡಿದ ಮೇಲೆಯೇ ಜೋಡಣೆಗೆ ಕೈಹಾಕಿ. ಫ್ಲೈವೀಲ್‌ಗೆ ಹೊಸ ಬೋಲ್ಟ್ ಬಳಸಿ, ಅಡ್ಡಡ್ಡ ಕ್ರಮದಲ್ಲಿ ಮೂರು ಹಂತಗಳಲ್ಲಿ, 20, 50, ಕೊನೆಗೆ 100 ನ್ಯೂಟನ್-ಮೀಟರಿಗೆ ಬಿಗಿಯಬೇಕು.

ಬೆಲ್ ಹೌಸಿಂಗ್‌ನ ನಡುವನ್ನು ಹಿಡಿಯುವುದು

ಕ್ರ್ಯಾಂಕ್‌ನ ಅಕ್ಷ ಮತ್ತು ಗೇರ್‌ಬಾಕ್ಸ್‌ನ ಅಕ್ಷ ಒಂದೇ ಗೆರೆಯಲ್ಲಿರಬೇಕು. ಗೇರ್‌ಬಾಕ್ಸ್‌ನ ಸ್ಥಾನ ನಿರ್ಧರಿಸುವುದು ಅದರ ಬೋಲ್ಟ್‌ಗಳಲ್ಲ. ಮುಂಭಾಗದ ಬೇರಿಂಗ್ ಕವರಿನ ವೃತ್ತ ಬೆಲ್ ಹೌಸಿಂಗ್‌ನ ನಡುತೂತಿನಲ್ಲಿ ಬಿಗಿಯಾಗಿ ಕೂರುವುದರಿಂದ ಅದು ನಿರ್ಧಾರವಾಗುತ್ತದೆ. ಜನರಲ್ ಮೋಟಾರ್ಸ್‌ನಲ್ಲಿ ಈ ತೂತು ಕೆಲವು ಬೆಲ್‌ಗಳಲ್ಲಿ ಸುಮಾರು 4.686 ಇಂಚು, ಟ್ರಕ್‌ಗಳ ಕೆಲವು ಬೆಲ್‌ಗಳಲ್ಲಿ 5.125 ಇಂಚು. ದೊಡ್ಡ ತೂತಿನಲ್ಲಿ ಸಣ್ಣ ಕವರ್ ಇಟ್ಟರೂ ಬೋಲ್ಟ್‌ಗಳು ಕೂರುತ್ತವೆ, ಗೇರ್‌ಬಾಕ್ಸ್ ಮಾತ್ರ ತನ್ನ ಭಾರಕ್ಕೆ ಕೆಳಗೆ ಜೋತುಬೀಳುತ್ತದೆ. ನಡುವೆ ಹೊಂದಿಕೆಯ ಬಳೆ ಹಾಕದೆ ಮುಂದುವರಿಯಬಾರದು.

ಬ್ಲಾಕಿನ ಹಿಂಮುಖದಲ್ಲಿ ಬೆಲ್‌ನ ಸ್ಥಾನವನ್ನು ಹಿಡಿಯುವ ಎರಡು ಡೋವೆಲ್ ಪಿನ್ನುಗಳು ಇರಬೇಕು. ಗುಜರಿಯಿಂದ ಬಂದ ಬ್ಲಾಕುಗಳಲ್ಲಿ ಇವು ಎಷ್ಟೋ ಸಲ ಕಾಣೆಯಾಗಿರುತ್ತವೆ, ಅಥವಾ ಹಳೆಯ ಆಟೊಮ್ಯಾಟಿಕ್ ಪೆಟ್ಟಿಗೆಯ ಜೊತೆಯೇ ಹೋಗಿರುತ್ತವೆ. ಅವುಗಳನ್ನು ಹಾಕಿ, ಕ್ಲಚ್ ಇಲ್ಲದೆ ಬೆಲ್ ಅನ್ನು ಮಾತ್ರ ಕೂರಿಸಿ, ಬೋಲ್ಟ್‌ಗಳನ್ನು 50 ನ್ಯೂಟನ್-ಮೀಟರಿಗೆ ಬಿಗಿಯಿರಿ. ಫ್ಲೈವೀಲ್ ಮೇಲೆ ಅಯಸ್ಕಾಂತದ ಕಾಲಿನ ಡಯಲ್ ಗೇಜ್ ನಿಲ್ಲಿಸಿ, ಅದರ ಮುಳ್ಳು ಬೆಲ್‌ನ ನಡುತೂತಿನ ಒಳಗೋಡೆಯನ್ನು ಮುಟ್ಟುವಂತೆ ಮಾಡಿ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದರೆ ಎಂಜಿನ್ ಕೈಯಲ್ಲೇ ತಿರುಗುತ್ತದೆ. ಒಂದು ಪೂರ್ತಿ ಸುತ್ತು ತಿರುಗಿಸುತ್ತಾ ಗೇಜ್ ತೋರಿಸುವ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಿಗಳನ್ನೂ, ಅವು ಬಂದ ದಿಕ್ಕುಗಳನ್ನೂ ಬರೆದುಕೊಳ್ಳಿ.

ಎರಡು ಅಂಕಿಗಳ ವ್ಯತ್ಯಾಸದ ಅರ್ಧವೇ ನಿಜವಾದ ಸರಿತ. ಒಟ್ಟು ವ್ಯತ್ಯಾಸ 0.010 ಇಂಚು ಮೀರದಿದ್ದರೆ, ಎಂದರೆ ಸರಿತ 0.005 ಇಂಚಿನೊಳಗಿದ್ದರೆ, ಬೆಲ್ ಸರಿಯಾಗಿದೆ. ಮೀರಿದರೆ ನಡು ಸರಿಸಿದ ಡೋವೆಲ್ ಪಿನ್ನುಗಳನ್ನು ಬಳಸಬೇಕು; ಅವು 0.007, 0.014 ಮತ್ತು 0.021 ಇಂಚಿನ ಸರಿತದಲ್ಲಿ ಮಾರಾಟಕ್ಕಿವೆ. ಉದಾಹರಣೆಗೆ ಒಟ್ಟು ವ್ಯತ್ಯಾಸ 0.016 ಬಂದರೆ ಸರಿತ 0.008, 0.007ರ ಎರಡು ಪಿನ್ನುಗಳನ್ನು ಬೆಲ್ ಸರಿಯಬೇಕಾದ ದಿಕ್ಕಿಗೆ, ಎರಡೂ ಒಂದೇ ದಿಕ್ಕಿಗೆ ತಿರುಗಿಸಿ ಕೂರಿಸಿದರೆ ಉಳಿಯುವುದು 0.001 ಮಾತ್ರ. ಮತ್ತೆ ಅಳೆದು ಖಚಿತಪಡಿಸಿಕೊಂಡು ಪಿನ್ನುಗಳನ್ನು ಭದ್ರಪಡಿಸಿ. ಬಳಿಕ ಗೇಜನ್ನು ಬೆಲ್‌ನ ಹಿಂಮುಖಕ್ಕೆ ತಾಗಿಸಿ, ಆ ಮುಖ ಕ್ರ್ಯಾಂಕ್‌ಗೆ ಲಂಬವಾಗಿದೆಯೇ ಎಂದೂ ನೋಡಬೇಕು; ಹೀಗೆ ಅಳೆಯುವಾಗ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿಯದಿದ್ದರೆ ಅದರ ಉದ್ದದ ಸಡಿಲವೇ ಅಂಕಿಯಲ್ಲಿ ಸೇರಿಬಿಡುತ್ತದೆ.

ಇದು ಅರ್ಧ ದಿನದ ಕೆಲಸ, ಬೇಕಾದದ್ದು ಒಂದು ಸಾಧಾರಣ ಡಯಲ್ ಗೇಜ್. ಆದರೂ ಇಡೀ ಎಂಜಿನ್ ಬದಲಾವಣೆಯಲ್ಲಿ ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದೇ. ಗೇರ್ ತಾನಾಗಿ ಕಳಚಿಕೊಳ್ಳುವುದು, ಕ್ಲಚ್ ಪೂರ್ತಿ ಬಿಡದಿರುವುದು, ಪ್ಲೇಟಿನ ನಡುಭಾಗ ಸೀಳುವುದು ಮುಂತಾದ ತೊಂದರೆಗಳಿಗೆ ಗೇರ್‌ಬಾಕ್ಸ್ ಅನ್ನು ದೂರುವ ಮುನ್ನ ಈ ಅಳತೆಯನ್ನು ನೋಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಗೇರ್‌ಬಾಕ್ಸನ್ನು ಎತ್ತಿ ಸೇರಿಸುವಾಗ ಅದು ಕೈಯ ಒತ್ತಡಕ್ಕೇ ಬೆಲ್‌ನ ಮುಖಕ್ಕೆ ಬಂದು ಕೂರಬೇಕು. ಕೊನೆಯ ಕಾಲು ಇಂಚನ್ನು ಬೋಲ್ಟ್ ಬಿಗಿದು ಎಳೆದುಕೊಳ್ಳುವವರು ಬೆಲ್‌ನ ಕಿವಿಯನ್ನೋ ಪೈಲಟ್ ಬೇರಿಂಗನ್ನೋ ಮುರಿಯುತ್ತಾರೆ. ಎಸ್‌ಎಮ್465, ಎನ್‌ವಿ4500 ಎರಡೂ ಒಬ್ಬರ ಕೈಗೆ ಬಗ್ಗದ ಭಾರದವು. ಗೇರ್‌ಬಾಕ್ಸ್ ಜಾಕ್ ಇಲ್ಲದೆ ಟ್ರಕ್‌ನ ಕೆಳಗೆ ಮಲಗಬೇಡಿ.

ಕ್ಲಚ್ ತುಳಿಯುವ ವ್ಯವಸ್ಥೆ

ಹೆಚ್ಚಿನ ಹಳೆಯ ಸಿ-10ಗಳಲ್ಲಿ ಪೆಡಲ್‌ನಿಂದ ಫೋರ್ಕ್‌ವರೆಗಿನ ಸಂಪರ್ಕ ಸರಳುಗಳದ್ದು. ಅದರ ಅಡ್ಡದಂಡದ ಒಂದು ತುದಿ ಚಾಸಿಗೂ ಇನ್ನೊಂದು ಎಂಜಿನ್ ಬ್ಲಾಕಿನ ಗುಂಡುಮೊಳೆಗೂ ಆತುಕೊಂಡಿರುತ್ತದೆ. ಎಲ್‌ಎಸ್ ಬ್ಲಾಕಿನಲ್ಲಿ ಆ ಮೊಳೆಗೆ ಜಾಗವಿಲ್ಲ. ಬ್ರ್ಯಾಕೆಟ್ ಹಾಕಿ ಹಳೆಯದನ್ನು ಉಳಿಸಬಹುದು, ಆದರೆ ಎಕ್ಸಾಸ್ಟ್ ಕೊಳವೆಗಳ ಜೊತೆ ಅದು ಜಾಗಕ್ಕಾಗಿ ತಿಕ್ಕಾಡುತ್ತದೆ. ಹೈಡ್ರಾಲಿಕ್ ವ್ಯವಸ್ಥೆಗೆ ಬದಲಿಸುವುದೇ ಮೇಲು. ಆಗ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನ ಮತ್ತು ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರಿನ ವ್ಯಾಸಗಳನ್ನು ಲೆಕ್ಕ ಹಾಕಿ ಆರಿಸಬೇಕು: ¾ ಇಂಚಿನ ಮಾಸ್ಟರ್ 28 ಮಿಲಿಮೀಟರ್ ಚಲಿಸಿದರೆ ⅞ ಇಂಚಿನ ಸ್ಲೇವ್ ಸುಮಾರು 20.5 ಮಿಲಿಮೀಟರ್ ಚಲಿಸುತ್ತದೆ, ಏಕೆಂದರೆ ಚಲನೆ ವ್ಯಾಸಗಳ ವರ್ಗದ ಅನುಪಾತದಲ್ಲಿ ಕಡಿಮೆಯಾಗುತ್ತದೆ. ಕ್ಲಚ್ ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ಚಲನೆ ಬಂದರೆ ಕವರಿನ ಬೆರಳುಗಳು ಬಾಗುತ್ತವೆ. ಪೆಡಲ್‌ಗೆ ತಡೆಮೊಳೆ ಹಾಕುವುದನ್ನು ಮರೆಯಬಾರದು. ಇನ್‌ಪುಟ್ ಶಾಫ್ಟ್ ಸುತ್ತ ಕೂರುವ ಹೈಡ್ರಾಲಿಕ್ ಬೇರಿಂಗ್ ಬಳಸಿದರೆ, ಅದು ಪೂರ್ತಿ ಹಿಂದಕ್ಕೆ ಕೂತಾಗ ಬೆರಳುಗಳಿಗೂ ಅದಕ್ಕೂ ನಡುವೆ ಸುಮಾರು 0.150ರಿಂದ 0.200 ಇಂಚು ಅಂತರ ಇರಲಿ. ಪ್ಲೇಟ್ ಸವೆದಂತೆ ಬೆರಳುಗಳು ಹಿಂದಕ್ಕೆ ಬರುವುದರಿಂದ ಆ ಜಾಗ ಬೇಕೇಬೇಕು.

ಹಿಂದಿನ ಶಾಫ್ಟ್, ವೇಗದ ಸಂಕೇತ, ಎಣ್ಣೆ

ಗೇರ್‌ಬಾಕ್ಸ್‌ನ ಉದ್ದ ಬದಲಾದರೆ ಅಲ್ಲಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಉದ್ದವೂ ಬದಲಾಗುತ್ತದೆ. ಟ್ರಕ್ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಅಳೆಯಬೇಕು, ಮತ್ತು ಶಾಫ್ಟ್‌ನ ಮುಂತುದಿಯ ಜಾರುವ ಯೋಕ್ ಗೇರ್‌ಬಾಕ್ಸ್‌ನ ಒಳಗೆ ಪೂರ್ತಿ ತಾಗುವ ಜಾಗದಿಂದ 20ರಿಂದ 25 ಮಿಲಿಮೀಟರ್ ಹೊರಗೆ ನಿಲ್ಲುವಂತೆ ಶಾಫ್ಟ್ ಮಾಡಿಸಬೇಕು. ಗೇರ್‌ಬಾಕ್ಸ್‌ನ ಇಳಿಜಾರು ಮತ್ತು ಆಕ್ಸಲ್ ಪಿನಿಯನ್‌ನ ಏರುಕೋನ ಒಂದಕ್ಕೊಂದು ಒಂದು ಡಿಗ್ರಿಯೊಳಗೆ ಸಮವಾಗಿರಲಿ. ಶಾಫ್ಟ್‌ನ ತುದಿಗಳಲ್ಲಿರುವ ಪ್ರತಿ ಯೂನಿವರ್ಸಲ್ ಜಾಯಿಂಟ್‌ನ (ಬಾಗಿದ್ದೂ ತಿರುಗಬಲ್ಲ ಕೀಲು) ಕೋನ ಮೂರು ಡಿಗ್ರಿ ಮೀರದಿರಲಿ, ಸೊನ್ನೆಯೂ ಆಗದಿರಲಿ, ಏಕೆಂದರೆ ಕೋನವೇ ಇಲ್ಲದ ಜಾಯಿಂಟ್‌ನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಸವೆಯುತ್ತವೆ.

ಎಲ್‌ಎಸ್‌ನ ಕಂಪ್ಯೂಟರ್ ವಾಹನದ ವೇಗವನ್ನು ತಿಳಿಯಲು ಬಯಸುತ್ತದೆ. ಎಸ್‌ಎಮ್465ರಲ್ಲಿ ಇರುವುದು ಸ್ಪೀಡೋಮೀಟರ್ ಕೇಬಲ್ ಮಾತ್ರ. ಕೇಬಲ್ ಮತ್ತು ಗೇರ್‌ಬಾಕ್ಸ್ ನಡುವೆ ಕೂರುವ ಪಲ್ಸ್ ಜನರೇಟರ್ ಹಾಕಿದರೆ ಮುಳ್ಳೂ ಓಡುತ್ತದೆ, ಕಂಪ್ಯೂಟರಿಗೂ ಸಂಕೇತ ಸಿಗುತ್ತದೆ. ಇದಿಲ್ಲದಿದ್ದರೆ ಕ್ಲಚ್ ತುಳಿದು ನಿಲ್ಲಲು ಬರುವಾಗ ಎಂಜಿನ್‌ನ ಐಡಲ್ ಏರುಪೇರಾಗುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಆಟೊಮ್ಯಾಟಿಕ್ ಟ್ರಕ್‌ನಿಂದ ಬಂದ ಕಂಪ್ಯೂಟರನ್ನು ಮ್ಯಾನುಯಲ್ ಎಂದು ಮರುಪ್ರೋಗ್ರಾಂ ಮಾಡಿಸುವುದೂ ಇದರ ಜೊತೆಗಿನ ಕೆಲಸ.

ಎನ್‌ವಿ4500ಕ್ಕೆ ಜಿಎಲ್-4 ದರ್ಜೆಯ 75ಡಬ್ಲ್ಯು-85 ಸಿಂಥೆಟಿಕ್ ಎಣ್ಣೆಯೇ ಬೇಕು. ಆಕ್ಸಲ್‌ಗೆ ಹಾಕುವ ಜಿಎಲ್-5 ಎಣ್ಣೆಯ ಗಂಧಕದ ಸಂಯುಕ್ತಗಳು ಗೇರ್ ಬೀಳುವ ಮುನ್ನ ವೇಗಗಳನ್ನು ಸಮಗೊಳಿಸುವ ಹಿತ್ತಾಳೆಯ ಸಿಂಕ್ರೊ ಬಳೆಗಳಿಗೆ ಒಳ್ಳೆಯದಲ್ಲ. ಅಂಗಡಿಯವರು ಎರಡೂ ಒಂದೇ ಎಂದರೆ ನಂಬಬೇಡಿ.

ಮೊದಲ ಓಟಕ್ಕೆ ಮುನ್ನ, ಎಂಜಿನ್ ಐಡಲ್‌ನಲ್ಲಿರುವಾಗ ಕ್ಲಚ್ ಪೂರ್ತಿ ತುಳಿದು ಕೆಲವು ಸೆಕೆಂಡು ಕಾದು ರಿವರ್ಸ್ ಹಾಕಿ. ಕರಕರ ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಾಗಿ ಬಿಡುತ್ತಿದೆ ಎಂದರ್ಥ. ಎಸ್‌ಎಮ್465ರ ಮೊದಲ ಗೇರಿಗೆ ಸಿಂಕ್ರೊ ಇಲ್ಲದಿರುವುದರಿಂದ ಚಲಿಸುವಾಗ ಅದನ್ನು ಹಾಕಿದರೆ ಸದ್ದಾಗುವುದು ದೋಷವಲ್ಲ. ನಂತರ ಸದ್ದುಗಳನ್ನು ಬೇರ್ಪಡಿಸಿ ಕೇಳಿ: ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬರುವ ಗುಂಯ್ ಸದ್ದು ಇನ್‌ಪುಟ್ ಶಾಫ್ಟ್‌ನ ಬೇರಿಂಗ್‌ನದು, ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಶುರುವಾಗುವುದು ರಿಲೀಸ್ ಬೇರಿಂಗ್‌ನದು, ಟ್ರಕ್ ನಿಂತಿದ್ದು, ಗೇರ್ ಬಿದ್ದಿದ್ದು, ಪೆಡಲ್ ಪೂರ್ತಿ ಕೆಳಗಿರುವಾಗ ಮಾತ್ರ ಕೇಳುವ ಕೀರಲು ಪೈಲಟ್ ಬೇರಿಂಗ್‌ನದು, ಏಕೆಂದರೆ ಶಾಫ್ಟ್ ನಿಂತು ಕ್ರ್ಯಾಂಕ್ ತಿರುಗುವ ಹೊತ್ತಿನಲ್ಲೇ ಅದು ಅತಿ ಹೆಚ್ಚು ದುಡಿಯುತ್ತದೆ. ಹೊಸ ಕ್ಲಚ್‌ನಲ್ಲಿ ಮೊದಲ 800 ಕಿಲೋಮೀಟರ್ ಊರೊಳಗಿನ ಓಡಾಟದಲ್ಲೇ ಕಳೆಯಿರಿ, ಟ್ರೈಲರ್ ಕಟ್ಟಬೇಡಿ. ಅದಾದ ಮೇಲೆ ಬೆಲ್ ಹೌಸಿಂಗ್‌ನ ಬೋಲ್ಟ್‌ಗಳನ್ನೂ ಪ್ರೊಪೆಲ್ಲರ್ ಶಾಫ್ಟ್‌ನ ಪಟ್ಟಿಗಳನ್ನೂ ಟಾರ್ಕ್ ವ್ರೆಂಚಿನಿಂದ ಇನ್ನೊಮ್ಮೆ ಪರೀಕ್ಷಿಸಿ.